ಪೈಪ್ ಯಾವಾಗ ತೆಗೀತೀರಿ, ಡಾಕ್ಟ್ರೇ?

ಕೇಳುಗರಿಗೆ ನಮಸ್ಕಾರ. ಮುಂಬಯಿಯ ಆಸ್ಪತ್ರೆಗಳಲ್ಲಿ ಹೆಂಗಸರ ವಾರ್ಡ್ ಕಂಡವರಿಗೆ ಗೊತ್ತು. ಆಪರೇಷನ್ನಿಗೆ ಹಾಕಿದ ಮೂತ್ರದ ಪೈಪ್ ತೆಗೆದ ಮೇಲೆ ಸಿಸ್ಟರ್ ಮಂಚದ ಹತ್ತಿರ ಬಂದವರೇ ಮರಾಠಿಯಲ್ಲಿ ಜೋರಾಗಿ ಕೇಳುತ್ತಾರೆ, ‘ಲಘವಿ ಝಾಲಿ ಕಾ?’ ಮೂತ್ರ ಆಯ್ತಾ ಅಂತ. ಘಾಟ್ಕೋಪರ್, ಡೊಂಬಿವಲಿ ಕಡೆಯ ನಮ್ಮ ಕನ್ನಡದ ಅಮ್ಮಂದಿರು ನಾಚಿಕೊಂಡು ಸುಮ್ನೆ ತಲೆಯಾಡಿಸುತ್ತಾರೆ. ಆಗದಿದ್ದರೂ ಆಯ್ತು ಅಂತ! ದಯವಿಟ್ಟು ಹಾಗೆ ಮಾಡಬೇಡಿ.

ಗರ್ಭಕೋಶದ ಆಪರೇಷನ್ ಅಂದರೆ, ಮೂತ್ರ ಹೊರಗಿನ ಬ್ಯಾಗಿಗೆ ಇಳಿಯಲಿ ಅಂತ ಮೂತ್ರಚೀಲಕ್ಕೆ ಪೈಪ್ (ಕ್ಯಾಥೆಟರ್) ಹಾಕುತ್ತಾರೆ. ಗರ್ಭಕೋಶ, ಮೂತ್ರಚೀಲ ಎರಡೂ ಪಕ್ಕಪಕ್ಕದಲ್ಲೇ ಇರುವುದರಿಂದ, ಮೂತ್ರಚೀಲ ತುಂಬಿದ್ದರೆ ಅದಕ್ಕೆ ಗಾಯವಾಗುವ ಭಯ. ಪೈಪಿನ ತುದಿಯಲ್ಲಿ ಪುಟ್ಟ ಬಲೂನು ಇರುತ್ತದೆ. ಜಾರಿ ಬರದಿರಲಿ ಅಂತ ಅದಕ್ಕೆ ಸುಮಾರು 10 ಮಿಲಿಲೀಟರ್ ನೀರು ತುಂಬಿಸಿರುತ್ತಾರೆ. ತೆಗೆಯುವಾಗ ಸಿರಿಂಜಿನಲ್ಲಿ ಆ ನೀರು ಎಳೆದುಕೊಂಡು ಪೈಪ್ ಮೆಲ್ಲಗೆ ಹೊರಗೆ ತರುತ್ತಾರೆ. ಸ್ವಲ್ಪ ಉರಿ, ಅಷ್ಟೇ.

ತೊಂದರೆ ಇರುವುದು ಮನೆಯವರ ಪ್ರೀತಿಯಲ್ಲಿ. ‘ಇನ್ನೊಂದು ದಿನ ಇರಲಿ ಸಿಸ್ಟರ್, ಪಾಪ, ಎದ್ದು ಓಡಾಡೋದು ತಪ್ಪುತ್ತೆ’ ಅನ್ನುತ್ತಾರೆ. ಓಡಾಡಲಿ ಅಂತಲೇ ಅಲ್ವಾ ನಾವು ಹೇಳುವುದು? ಮಲಗೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಪೈಪ್ ಇದ್ದಷ್ಟು ದಿನವೂ ಸೋಂಕಿನ ಭಯ ದಿನಕ್ಕೆ ಶೇಕಡಾ 3ರಿಂದ 7ರಷ್ಟು ಏರುತ್ತಾ ಹೋಗುತ್ತದೆ. ಟ್ರಾಲಿಯಲ್ಲಿ ಸಾಗಿಸುವಾಗ ಬ್ಯಾಗನ್ನು ಪೇಷಂಟಿನ ಹೊಟ್ಟೆ ಮೇಲೆ ಇಟ್ಟುಬಿಡುವುದುಂಟು. ಆಗ ಕೆಳಗಿಳಿದ ಮೂತ್ರ ವಾಪಸ್ ಒಳಗೆ ಹರಿಯಬಹುದು. ಬ್ಯಾಗ್ ಯಾವಾಗಲೂ ಮೂತ್ರಚೀಲಕ್ಕಿಂತ ಕೆಳಗೇ ಇರಬೇಕು, ನೆಲಕ್ಕೆ ತಾಗಬಾರದು. ಮಾವಶಿ, ಅಂದರೆ ವಾರ್ಡಿನ ಆಯಾ, ಮರೆತರೆ ನೀವೇ ನೆನಪಿಸಿ.

ಹಾಗಂತ ಆಪರೇಷನ್ ಟೇಬಲ್ ಮೇಲೇ ಕಿತ್ತು ಹಾಕುವುದೂ ಎಲ್ಲರಿಗೂ ಆಗಿಬರುವುದಿಲ್ಲ. ಬೆನ್ನಿಗೆ ಕೊಟ್ಟ ಅರಿವಳಿಕೆ ಇಂಜೆಕ್ಷನ್ನಿನ ಜೋಮು ಮೂತ್ರಚೀಲಕ್ಕೂ ಇರುತ್ತದೆ. ಮೂತ್ರ ಕಟ್ಟಿಕೊಂಡು ಮತ್ತೆ ಪೈಪ್ ಹಾಕಬೇಕಾಗಬಹುದು. ಏನೂ ತೊಡಕಿಲ್ಲದೆ ಗರ್ಭಕೋಶ ತೆಗೆಸಿದವರಿಗೆ ಆರೇಳು ಗಂಟೆ ಕಳೆದ ಮೇಲೆ, ಹೆಚ್ಚೆಂದರೆ 24 ಗಂಟೆಯೊಳಗೆ ತೆಗೆಯುವುದು ನನಗೆ ಸರಿ ಕಾಣುತ್ತದೆ.

ಎಲ್ಲ ಆಪರೇಷನ್ನಿಗೂ ಒಂದೇ ಲೆಕ್ಕ ಅಲ್ಲ. ಗರ್ಭಕೋಶ ಜಾರಿದ್ದಕ್ಕೆ ರಿಪೇರಿ ಆಗಿದ್ದರೆ ಒಂದೆರಡು ದಿನ ಬೇಕಾಗಬಹುದು. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ದೊಡ್ಡ ಆಪರೇಷನ್ ಆದರೆ ಮೂತ್ರಚೀಲದ ನರಗಳಿಗೆ ಪೆಟ್ಟು ಬಿದ್ದಿರಬಹುದು. ಆಗ ವಾರ ಹಿಡಿಯುವುದೂ ಉಂಟು. ಮೂತ್ರಚೀಲಕ್ಕೇ ಗಾಯವಾಗಿ ಹೊಲಿಗೆ ಹಾಕಿದ್ದರೆ ಸಾಮಾನ್ಯವಾಗಿ 7ರಿಂದ 14 ದಿನ. ಅಂಥವರು ಪಕ್ಕದ ಮಂಚದವರನ್ನು ನೋಡಿ ‘ಅವರದ್ದು ತೆಗೆದ್ರು, ನಂದು ಯಾಕಿಲ್ಲ’ ಅಂತ ಜಗಳಕ್ಕಿಳಿಯಬೇಡಿ. ಕಾರಣ ಕೇಳಿ, ಹೇಳುತ್ತಾರೆ.

ತೆಗೆದ ಮೇಲೆ ಸಿಸ್ಟರ್ ಅಳತೆಯ ಜಗ್ ಕೊಟ್ಟರೆ ಅದರಲ್ಲೇ ಮಾಡಿ, ಚೆಲ್ಲಬೇಡಿ. ಎಷ್ಟು ಹೋಯಿತು, ಒಳಗೆ ಎಷ್ಟು ಉಳಿಯಿತು ಅನ್ನುವುದೇ ಮುಖ್ಯ. ಸ್ಕ್ಯಾನಿನಲ್ಲಿ ಉಳಿದದ್ದು 100-150 ಮಿಲಿಲೀಟರಿನೊಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಹೊಟ್ಟೆ ಬಿಗಿದುಕೊಂಡು ಹನಿಹನಿ ಮಾತ್ರ ಬರುತ್ತಿದ್ದರೆ, ಇಲ್ಲವೇ ನಾಲ್ಕರಿಂದ ಆರು ಗಂಟೆಯಾದರೂ ಆಗದಿದ್ದರೆ ಕೂಡಲೇ ಹೇಳಿ.

ಲೋಕಲ್ ಟ್ರೈನಿನಲ್ಲಿ ಮೂತ್ರ ತಡೆದುಕೊಂಡೇ ಓಡಾಡಿದವರು ನಾವು. ನೀರು ಕುಡಿಯದೆ ಇರುವುದೂ ರೂಢಿ. ಆಪರೇಷನ್ ಆದ ಮೇಲೆ ಆ ಚಾಳಿ ಬೇಡ. ಡಿಸ್ಚಾರ್ಜ್ ದಿನ ಟ್ಯಾಕ್ಸಿ ಹತ್ತುವ ಮುಂಚೆ ಒಮ್ಮೆ ಹೋಗಿಬನ್ನಿ. ಮನೆಗೆ ಬಂದ ಮೇಲೆ ಚಳಿಜ್ವರ, ಉರಿಮೂತ್ರ ಕಂಡರೆ ಮುಂದಿನ ಓಪಿಡಿ ತಾರೀಕಿಗೆ ಕಾಯಬೇಡಿ, ಅವತ್ತೇ ತೋರಿಸಿ.