ಕಾನ್‌ಗೆ ಒಬ್ರೇ ಹೋಗ್ತೀರಾ? ಊಟ ಮಾತ್ರ ಒಬ್ರೇ ಮಾಡ್ಬೇಡಿ
ನಮಸ್ಕಾರ ಎಲ್ರಿಗೂ. ಇವತ್ತು ಕಾಮಿಕ್ ಕಾನ್ ಬಗ್ಗೆ, ಅಂದ್ರೆ ಕಾಮಿಕ್ಸು, ಸಿನಿಮಾ, ಗೇಮ್ ಫ್ಯಾನ್‌ಗಳೆಲ್ಲ ಸೇರೋ ಜಾತ್ರೆ ಬಗ್ಗೆ ಮಾತಾಡೋಣ, ಆದ್ರೆ ಯಾವ ಸ್ಟಾಲಲ್ಲಿ ಏನ್ ತಗೊಂಡೆ, ಎಷ್ಟು ದುಡ್ಡು ಉಡಾಯಿಸ್ದೆ ಅದೆಲ್ಲ ಅಲ್ಲ. ಮಧ್ಯಾಹ್ನದ ಊಟದ ಬಗ್ಗೆ.

ಬೆಂಗಳೂರಲ್ಲಿ ಕಾನ್ ನಡೆದ ವೈಟ್‌ಫೀಲ್ಡ್ ಕೆಟಿಪಿಓ ಎಕ್ಸಿಬಿಷನ್ ಹಾಲ್‌ಗೆ ಮೊದಲ್ನೇ ಸಲ ನಾನೊಬ್ನೇ ಹೋಗಿದ್ದೆ, ಬರ್ತೀವಿ ಅಂದಿದ್ದ ಫ್ರೆಂಡ್ಸೆಲ್ಲ ಹಿಂದಿನ ರಾತ್ರಿ ಒಬ್ಬೊಬ್ರಾಗಿ ಕೈ ಕೊಟ್ರು. ಬೆಳಗ್ಗೆ ಸಕತ್ತಾಗೇ ಇತ್ತು. ಎರಡು ಗಂಟೆಗೆ ಒಂದು ಎಗ್ ರೋಲ್ ತಗೊಂಡು ಗೋಡೆ ಪಕ್ಕ ನೆಲದ ಮೇಲೆ ಕೂತೆ, ಬ್ಯಾಗು ಕಾಲ ಸಂದೀಲಿ, ಪೋಸ್ಟರ್ ಕಂಕುಳಲ್ಲಿ, ಒಂದ್ ಕೈಲಿ ರೋಲು ಇನ್ನೊಂದ್ ಕೈಲಿ ಫೋನು. ಪಕ್ಕದಲ್ಲಿ ಇನ್ನೊಬ್ಬ ಹಿಂಗೇ ಕೂತಿದ್ದ. ಅವನ ಟೀ ಶರ್ಟ್ ಮೇಲಿದ್ದ ಕ್ಯಾರೆಕ್ಟರೇ ನನ್ನ ಕೀಚೈನಲ್ಲೂ ನೇತಾಡ್ತಿತ್ತು, ಇಬ್ರೂ ನೋಡಿದ್ವಿ, ಒಂದು ಮಾತಾಡ್ಲಿಲ್ಲ, ತಿಂದ್ವಿ, ಎದ್ವಿ. ಮನೆಗೆ ಬಂದ್ಮೇಲೆ ಆನ್‌ಲೈನಲ್ಲಿ ಮುಖ ನೋಡ್ದಿರೋರ ಜೊತೆ ಅದೇ ಕ್ಯಾರೆಕ್ಟರ್ ಬಗ್ಗೆ ರಾತ್ರಿ ಒಂದು ಗಂಟೆವರೆಗೂ ಜಗಳ ಆಡಿದೀನಿ. ಇದಕ್ಕಿಂತ ಪೆದ್ದುತನ ಇದ್ಯಾ ಹೇಳಿ.

"ಏನಂದ್ಕೋತಾರೋ" ಅನ್ನೋ ಭಯ, ಅಷ್ಟೇ. "ನನ್ ಜೊತೆ ಊಟಕ್ಕೆ ಬರ್ತೀರಾ" ಅಂತ ಕೇಳೋದು ನಿಜವಾಗ್ಲೂ ಕಷ್ಟ, ಬೇಡ ಅಂದ್ರೆ ಮುಖ ಎಲ್ಲಿ ಇಟ್ಕೊಳೋದು. ಆದ್ರೆ ನಮ್ಮ ಹತ್ರ "ಊಟ ಆಯ್ತಾ" ಇದೆ ಅಲ್ವಾ! ಇಷ್ಟ ಇಲ್ದಿರೋರು "ಹೂಂ ಆಯ್ತು" ಅಂತಾರೆ, ಸುಳ್ಳಾದ್ರೂ ಯಾರಿಗೂ ಅವಮಾನ ಇಲ್ಲ. "ಇನ್ನೂ ಇಲ್ಲ" ಅಂದ್ರೆ ಬಾಗಿಲು ತೆಗ್ದಂಗೇ.

ಮುಂದಿನ ಸಲ ಟ್ರೈ ಮಾಡೇಬಿಟ್ಟೆ. ಒಬ್ಬ ಆರ್ಟಿಸ್ಟ್ ಟೇಬಲ್ ಮುಂದಿನ ಕ್ಯೂನಲ್ಲಿ ನನ್ನ ಮುಂದೆ ಒಬ್ರು, ಯಾವ್ದೋ ಕ್ಯಾರೆಕ್ಟರ್ ವೇಷ, ತಲೆಯಿಂದ ಕಾಲ್ವರೆಗೂ ಫೋಮಲ್ಲಿ ಮಾಡಿದ ಆರ್ಮರ್. ಊಟ ಆಯ್ತಾ ಅಂದೆ. ಒಳಗಿಂದ ಹುಬ್ಬಳ್ಳಿ ಧ್ವನಿ: "ಇನ್ನೂ ಇಲ್ರಿ, ಈ ಗ್ಲೌಸ್ ಹಾಕ್ಕೊಂಡು ಹ್ಯಾಂಗ್ ತಿನ್ನೂದ್ರಿ?" ಪಾಪ, ಮೊಣಕೈ ಮಡಚೋಕಾಗಲ್ಲ, ಕೂರೋಕಂತೂ ಸಾಧ್ಯಾನೇ ಇಲ್ಲ. ನಾನು ಕ್ಯೂ ನಿಂತು ಇಬ್ರಿಗೂ ವೆಜ್ ಬಿರಿಯಾನಿ ತಂದೆ, ಹೆಲ್ಮೆಟ್ ಹಿಡ್ಕೊಂಡೆ, ಅವ್ರು ಒಂದು ಗ್ಲೌಸ್ ಬಿಚ್ಚಿ ನಿಂತ್ಕೊಂಡೇ ತಿಂದ್ರು, ಆಮೇಲೆ ನಾನು ತಿನ್ನುವಾಗ ನನ್ನ ಬ್ಯಾಗ್ ಕಾದ್ರು, ಅಷ್ಟು ದೊಡ್ಡ ಕತ್ತಿ ಹಿಡ್ಕೊಂಡು ನಿಂತಿದ್ರೆ ಯಾವ ಕಳ್ಳ ಹತ್ರ ಬರ್ತಾನೆ.

ಅಮೆರಿಕದ ಕಾನ್‌ಗಳಲ್ಲಿ 6-2-1 ಅಂತ ಒಂದು ಲೆಕ್ಕ ಇದೆ, ದಿನಕ್ಕೆ ಆರು ಗಂಟೆ ನಿದ್ದೆ, ಎರಡು ಊಟ, ಒಂದು ಸ್ನಾನ. ಅಂದ್ರೆ ಫ್ಯಾನ್‌ಗಳು ಊಟ ಮರೀತಾರೆ ಅಂತ ರೂಲೇ ಮಾಡ್ಬೇಕಾಯ್ತು. 1939ರಲ್ಲಿ ನ್ಯೂಯಾರ್ಕಲ್ಲಿ ಮೊದಲ್ನೇ ವರ್ಲ್ಡ್‌ಕಾನ್, ಅಂದ್ರೆ ಸೈನ್ಸ್ ಫಿಕ್ಷನ್ ಫ್ಯಾನ್‌ಗಳ ಕಾನ್, ಆದಾಗ ಬಂದಿದ್ದೇ ಸುಮಾರು 200 ಜನ, ಔತಣಕ್ಕೆ ತಲೆಗೆ ಒಂದು ಡಾಲರ್ ಅಂದ್ರೆ ಅದೂ ಜಾಸ್ತಿ ಆಯ್ತು, ಸುಮಾರು ಜನ ಬರ್ಲೇ ಇಲ್ಲ. ಜೇಬು ಖಾಲಿ ಇರೋ ಫ್ಯಾನ್ ಆಗಿಂದ್ಲೂ ಇದಾನೆ ಬಿಡಿ, ಅದಕ್ಕೇ ಬಿಲ್ ವಿಷಯ ಮೊದ್ಲೇ ಮಾತಾಡಿ, ಅವರವರ ದುಡ್ಡು ಅವರವರದ್ದು, ಯುಪಿಐ ಇದ್ದೇ ಇದೆ, ದೊಡ್ಡಸ್ತಿಕೆ ತೋರ್ಸೋಕೆ ಹೋಗ್ಬೇಡಿ.

ಇನ್ನೊಂದು, ಹಸಿವಾದ್ಮೇಲೆ ಜನ ಹುಡುಕ್ಬೇಡಿ, ಹಸಿದಿರೋರು ಸಿಡುಕ್ತಾರೆ, ನಾನಂತೂ. ಹನ್ನೆರಡಕ್ಕೇ ಕೇಳಿ, ರಷ್ಷೂ ಕಮ್ಮಿ. ಮೂರ್ನಾಲ್ಕು ಜನ ಸಾಕು, ಎಂಟು ಜನ ಆದ್ರೆ ಎಲ್ಲಿ ತಿನ್ನೋದು ಅನ್ನೋ ಚರ್ಚೆಲೇ ಸಂಜೆ ಆಗತ್ತೆ. ಮತ್ತೆ ಹೊಸಬರ ಜೊತೆ ಫುಡ್ ಕೋರ್ಟ್ ದಾಟ್ಬೇಡಿ, "ಹೊರಗಡೆ ಒಂದು ಒಳ್ಳೆ ಜಾಗ ಇದೆ, ಕಾರ್ ಇದೆ" ಅಂದ್ರೆ ಅಲ್ಲೇ ಟಾಟಾ ಹೇಳಿ, ಹುಡುಗೀರಿಗಷ್ಟೇ ಅಲ್ಲ, ಎಲ್ರಿಗೂ ಹೇಳ್ತಿದೀನಿ.

ಆ ಹುಬ್ಬಳ್ಳಿಯವ್ರ ನಂಬರ್ ನನ್ನ ಫೋನಲ್ಲಿ ಇನ್ನೂ "ಫೋಮ್ ಹುಬ್ಬಳ್ಳಿ" ಅಂತಾನೇ ಇದೆ. ಈ ಸಲಾನೂ ಬರ್ತಾರಂತೆ. ದಯವಿಟ್ಟು ಬಾಯಿ ಹತ್ರ ತೂತು ಇರೋ ಹೆಲ್ಮೆಟ್ ಮಾಡ್ಕೊಳಿ ಅಂತ ಹೇಳಿದೀನಿ.