ಪುಟ್ಟ ಕೈಗೆ ಪುಂಡಿನಾರಿನ ಕುಂಚ

ಕೇಳುಗರೇ, ನಮಸ್ಕಾರ.

ಪುಟ್ಟ ಮಕ್ಕಳಿಗೆ ಚಿತ್ರ ಹೇಳಿಕೊಡುವಾಗ ನಾವು ಏನು ಮಾಡುತ್ತೇವೆ? ಅಚ್ಚು ಹಾಕಿದ ಸೇಬಿನ ಹಾಳೆ ಕೊಟ್ಟು, ಗೆರೆ ದಾಟದ ಹಾಗೆ ಬಣ್ಣ ತುಂಬು ಅನ್ನುತ್ತೇವೆ. ಆದರೆ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಹಳ್ಳಿಗಳಲ್ಲಿ ಅದೇ ಮಗುವಿನ ಅಜ್ಜಿಗೆ ಮನೆಯ ಗೋಡೆ ಮೇಲೆ ಹಸೆ ಚಿತ್ತಾರ ಬರೆಯಲು ಬರುತ್ತಿರುತ್ತದೆ. ಆ ಅಜ್ಜಿಯನ್ನು ಅಂಗನವಾಡಿಗೆ ಕರೆಯಿರಿ ಅಂತ ಕೇಳಿಕೊಳ್ಳಲು ಇವತ್ತು ಬಂದಿದ್ದೇನೆ.

ಈ ಚಿತ್ತಾರ ದೀವರ ಸಮುದಾಯದ ಹೆಣ್ಣುಮಕ್ಕಳ ಕಲೆ. ಬಣ್ಣಗಳೆಲ್ಲ ಸುತ್ತಮುತ್ತ ಸಿಗುವುವೇ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಿಯಾಗುವ ತನಕ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ಗಿಡದ ನಾರಿನದು.

ಗೋಡೆಯ ಮೇಲಿನ ಆ ಸಣ್ಣ ಗೆರೆಗಳು ದೊಡ್ಡವರಿಗೇ ಕಷ್ಟ, ಮೂರು ವರ್ಷದ ಮಗುವಿಗೆ ಖಂಡಿತ ಆಗುವುದಿಲ್ಲ. ಅದಕ್ಕೇ ಭೂಮಣ್ಣಿ ಬುಟ್ಟಿಯಿಂದ ಶುರು ಮಾಡಿ. ಭೂಮಿ ಹುಣ್ಣಿಮೆ ಹಬ್ಬ ಹತ್ತಿರ ಬಂದಾಗ ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಒಣಗಿಸಿ, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರಲ್ವಾ? ಕೆಮ್ಮಣ್ಣು ಕಲಸಿ ಬಳಿಯುವ ಕೆಲಸ ಮಕ್ಕಳಿಗೆ ಬಿಡಿ. ಕೈ, ಬಟ್ಟೆ ಕೊಳೆಯಾಗಲಿ. ಒಣಗಿದ ಮೇಲೆ ಅಕ್ಕಿಹಿಟ್ಟಲ್ಲಿ ಬೆರಳು ಅದ್ದಿ ಚುಕ್ಕಿ ಇಡಲಿ. ಪಕ್ಕದಲ್ಲೇ ಅಜ್ಜಿ ತನ್ನ ಬುಟ್ಟಿ ಬರೆಯುತ್ತಾ ಕೂತಿರಲಿ. ಆ ಕೈ ಓಡಾಡುವುದನ್ನು ಮಗು ಸುಮ್ನೆ ನೋಡಿದರೂ ಸಾಕು.

ಬುಟ್ಟಿ ಯಾಕೆ ಅಂತ ಮಗು ಕೇಳೇ ಕೇಳುತ್ತದೆ. ಭತ್ತ ತೆನೆ ಕಟ್ಟುವ ಹೊತ್ತು, ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಲು ಈ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗುತ್ತಾರೆ ಅಂತ ಹೇಳಿ. ಹುಣ್ಣಿಮೆ ಮುಗಿದ ಮೇಲೆ ಒಂದು ಬೆಳಿಗ್ಗೆ ಮಕ್ಕಳನ್ನೂ ಗದ್ದೆ ಬದುವಿಗೆ ಕರೆದುಕೊಂಡು ಹೋಗಿ. ಮೊದಲು ಕಥೆ, ಆಮೇಲೆ ಬಣ್ಣ ಅಂತ ಬೇರೆ ಬೇರೆ ಪೀರಿಯಡ್ ಮಾಡಬೇಡಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ವಾರ್ಷಿಕೋತ್ಸವದಲ್ಲಿ ಮಕ್ಕಳಿಗೆ ಸೊಪ್ಪು ಕಟ್ಟಿ, ಮುಖಕ್ಕೆ ಮಸಿ ಬಳಿದು 'ಕಾಡುಜನರ ಕುಣಿತ' ಮಾಡಿಸುತ್ತೇವಲ್ಲ, ಅದನ್ನು ನಿಲ್ಲಿಸಬೇಕು. ಅದು ಯಾರ ಸಂಸ್ಕೃತಿಯೂ ಅಲ್ಲ. ಸೋಲಿಗರಿಗೆ, ಸಿದ್ದಿಯರಿಗೆ, ಜೇನುಕುರುಬರಿಗೆ ಅವರವರದೇ ಹಾಡು, ಕುಣಿತ ಇವೆ. ಯಲ್ಲಾಪುರ, ಹಳಿಯಾಳದ ಸಿದ್ದಿ ತಾಯಂದಿರು ಬಟ್ಟೆ ತುಂಡು ಜೋಡಿಸಿ ಹೊಲಿಯುವ ಕೌದಿ ನೋಡಿ, ಬಣ್ಣ ಜೋಡಿಸುವುದನ್ನು ಕಲಿಯಲು ಅದಕ್ಕಿಂತ ಬೇರೆ ಬೇಕಾ? ಯಾರ ಕಲೆಯೋ ಅವರ ಹೆಸರು ಹೇಳಿ, ಅವರನ್ನೇ ಕರೆಸಿ. ಬಂದವರಿಗೆ ಗೌರವಧನವನ್ನೂ ಕೊಡಿ.

2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ 3ರಿಂದ 8 ವರ್ಷದ ಮಕ್ಕಳ ಕಲಿಕೆಗೆ ಊರಿನ ಕಲೆ, ಹಾಡು, ಆಟಿಕೆ ಬಳಸಿ ಅನ್ನುತ್ತದೆ. ಹಾಗಾಗಿ ಮೇಲಿನವರು ಒಪ್ಪುತ್ತಾರೋ ಇಲ್ಲವೋ ಅನ್ನುವ ಅಳುಕು ಬೇಡ.

ಭೂಮಿ ಹುಣ್ಣಿಮೆ ದಸರಾ ಆದ ಕೆಲವೇ ದಿನಕ್ಕೆ ಬರುತ್ತದೆ. ಬುಟ್ಟಿ ಹೆಣೆಯಲು ಮೇದಾರರಿಗೆ ಮೊದಲೇ ಹೇಳಿಡಿ. ಮಕ್ಕಳ ಕೈಗೆ ಹಿಡಿಯುವಂಥ ಚಿಕ್ಕ ಬುಟ್ಟಿಗಳೇ ಇರಲಿ.