ಬೀಗದ ಕೈ ಯಾರ ಹತ್ತಿರ?

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಮಾತು. ಮುಂಬಯಿಯಲ್ಲಿ ನಾನು ಆಗ ಪಾಠ ಮಾಡುತ್ತಿದ್ದ ಕಲಾ ಕಾಲೇಜಿಗೆ ಒಂದು ಲೇಸರ್ ಕಟರ್ ಬಂತು, ಬೆಳಕಿನ ಕಿರಣದಿಂದ ಹಲಗೆ, ಹಾಳೆ ಕತ್ತರಿಸುವ ಯಂತ್ರ. ತೆಂಗಿನಕಾಯಿ ಒಡೆದರು, ರಿಬ್ಬನ್ ಕತ್ತರಿಸಿದರು, ಫೋಟೊ ತೆಗೆಸಿಕೊಂಡರು. ಬಾಗಿಲ ಮೇಲೆ 'ಮೇಕರ್‌ಸ್ಪೇಸ್' ಎಂದು ಬೋರ್ಡು ಬಂತು. ಆಮೇಲೆ ಬಾಗಿಲಿಗೆ ಬೀಗ ಬಂತು. ಬೀಗದ ಕೈ ಸ್ಟೋರಿನವರ ಹತ್ತಿರ. ಅವರು ಐದು ಗಂಟೆಯ ಲೋಕಲ್ ಹಿಡಿಯಬೇಕು, ಪಾಪ. ನಮ್ಮ ಹುಡುಗರಿಗೋ ಕೆಲಸದ ಹುರುಪು ಏರುವುದೇ ಐದರ ಮೇಲೆ. ಆ ವರ್ಷವಿಡೀ ಯಂತ್ರ ಕತ್ತರಿಸಿದ್ದು ಏನು ಗೊತ್ತಾ? ಅತಿಥಿಗಳಿಗೆ ಕೊಡುವ ನೆನಪಿನ ಕಾಣಿಕೆಗಳನ್ನು.

ಮೇಕರ್‌ಸ್ಪೇಸ್ ಅಂದರೆ ದೊಡ್ಡದೇನಲ್ಲ. ಗರಗಸ, ಹೊಲಿಗೆ ಯಂತ್ರ, ಬೆಸುಗೆ ಹಾಕುವ ಕಡ್ಡಿ, ತ್ರೀಡಿ ಪ್ರಿಂಟರ್, ಲೇಸರ್ ಕಟರ್, ಇವೆಲ್ಲ ಒಂದೇ ಸೂರಿನಡಿ. ಚಿತ್ರಕಲೆಯವರು, ಶಿಲ್ಪದವರು, ಇಂಜಿನಿಯರಿಂಗ್ ಹುಡುಗರು ಯಾರು ಬೇಕಾದರೂ ಬಂದು ಮಾಡಿ ನೋಡಬಹುದು. ಕೆಡಿಸಿಯೂ ನೋಡಬಹುದು. ಯಕ್ಷಗಾನದ ಚೌಕಿ, ಅಂದರೆ ವೇಷ ಕಟ್ಟುವ ಕೋಣೆ, ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಒಬ್ಬ ಬಣ್ಣ ಅರೆಯುತ್ತಿರುತ್ತಾನೆ, ಇನ್ನೊಬ್ಬ ಕಿತ್ತುಹೋದ ಗೆಜ್ಜೆ ಪೋಣಿಸುತ್ತಿರುತ್ತಾನೆ, ಚಿಕ್ಕ ಹುಡುಗ ನೋಡುತ್ತಾ ನೋಡುತ್ತಾ ಕಲಿಯುತ್ತಿರುತ್ತಾನೆ.

ಇದು ಅಮೆರಿಕದಿಂದ ಬಂದ ಹೊಸ ಫ್ಯಾಷನ್ ಎಂದು ಮೂಗು ಮುರಿಯುವವರಿದ್ದಾರೆ. ಅವರನ್ನು ನಾನು ಮುಂಬಯಿಯ ಹಿಂದಿನ ವಿಕ್ಟೋರಿಯಾ ಟರ್ಮಿನಸ್, ಈಗಿನ ಸಿಎಸ್‌ಎಂಟಿ ಸ್ಟೇಷನ್ನಿಗೆ ಕರೆದುಕೊಂಡು ಹೋಗುತ್ತೇನೆ. 1888ರಲ್ಲಿ ಕಟ್ಟಿ ಮುಗಿಸಿದ ಆ ಕಟ್ಟಡದ ಕಲ್ಲಿನ ಎಲೆ, ಹೂವು, ಪ್ರಾಣಿಗಳನ್ನು ಕತ್ತೆತ್ತಿ ನೋಡಿ. ಆ ಅಲಂಕಾರದ ಕೆಲಸದಲ್ಲಿ ಪಕ್ಕದ ಜೆ.ಜೆ. ಕಲಾ ಶಾಲೆಯ ವಿದ್ಯಾರ್ಥಿಗಳ ಕೈಯಿದೆ. ಶಾಲೆ ಶುರುವಾದದ್ದು 1857ರಲ್ಲಿ. 1891ರಲ್ಲಿ ಅಲ್ಲಿಯೇ ಲಾರ್ಡ್ ರೇ ಹೆಸರಿನ ಕಾರ್ಯಾಗಾರಗಳು ತೆರೆದವು. ಕರಕುಶಲ ಕೆಲಸ ಕಲಿಸುವುದಕ್ಕೆಂದೇ ತೆರೆದ ಕೋಣೆಗಳವು. ನಮ್ಮ ಉಡುಪಿ ಕಡೆಯ ಕಟ್ಟಿಂಗೇರಿಯಿಂದ ಬಂದ ಕೆ.ಕೆ. ಹೆಬ್ಬಾರರು ಕಲಿತದ್ದೂ ಇದೇ ಶಾಲೆಯಲ್ಲಿ. ಅಂದರೆ ಕಲೆ ಕಲಿಯುವವರು ಕೈ ಕೊಳೆ ಮಾಡಿಕೊಳ್ಳುವುದು ಈ ಊರಿಗೆ ಹೊಸದಲ್ಲ. ಕುಂಚ ಮೇಲೆ, ಉಳಿ ಕೆಳಗೆ ಎಂಬ ಮೇಲುಕೀಳು ನಡುವೆ ಎಲ್ಲೋ ಸೇರಿಕೊಂಡಿತು, ಅಷ್ಟೇ.

ಇನ್ನು ಯಂತ್ರವೆಲ್ಲ ಇಂಜಿನಿಯರುಗಳ ಸ್ವತ್ತು ಎನ್ನುವವರಿಗೆ ಆರ್ಡುಯಿನೊ ಕಥೆ ಹೇಳಬೇಕು. ಅಂಗೈಯೊಳಗೆ ಹಿಡಿಯುವ ಚಿಕ್ಕ ಎಲೆಕ್ಟ್ರಾನಿಕ್ಸ್ ಬೋರ್ಡ್ ಅದು. ಸೆನ್ಸರ್ ಜೋಡಿಸಿದರೆ ಬೆಳಕು, ಸದ್ದು, ಸ್ಪರ್ಶ ಎಲ್ಲಕ್ಕೂ ಸ್ಪಂದಿಸುತ್ತದೆ. ಇವತ್ತು ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತದೆ. ಇದು ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರೆಯಾ ಎಂಬ ಊರಿನ ಒಂದು ಡಿಸೈನ್ ಶಾಲೆಯಲ್ಲಿ. ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲದ ಡಿಸೈನ್ ವಿದ್ಯಾರ್ಥಿಗಳಿಗೆ ಅಗ್ಗವಾಗಿ, ಸುಲಭವಾಗಿ ಸಿಗಲಿ ಎಂದೇ ಮಾಡಿದ್ದು. ಹೆಸರು ಕೂಡ ಆ ಊರಿನ ಒಂದು ಬಾರಿನದು! ಅಷ್ಟು ದೂರ ಯಾಕೆ, ಪುಣೆ ಜಿಲ್ಲೆಯ ಪಾಬಳ ಹಳ್ಳಿಯಲ್ಲಿ ವಿಜ್ಞಾನ ಆಶ್ರಮವಿದೆ. ಡಾ. ಕಲ್ಬಾಗ್ 1983ರಲ್ಲಿ ಕಟ್ಟಿದ್ದು. ಶಾಲೆ ಬಿಟ್ಟ ಹಳ್ಳಿ ಹುಡುಗರು ಅಲ್ಲಿ ಕೆಲಸ ಮಾಡುತ್ತಲೇ ವಿಜ್ಞಾನ ಕಲಿತರು. ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ವಿಶ್ವವಿದ್ಯಾಲಯದವರ ಫ್ಯಾಬ್ ಲ್ಯಾಬ್, ಅದೂ ಇಂಥದೇ ಕಾರ್ಯಾಗಾರ, ತಮ್ಮ ದೇಶದ ಆಚೆ ಮೊದಮೊದಲು ಬಂದ ಜಾಗಗಳಲ್ಲಿ ಪಾಬಳ ಒಂದು.

ಈಗ ನನ್ನ ವಿದ್ಯಾರ್ಥಿನಿಯೊಬ್ಬಳ ಕಥೆ. ಈಗಿನ ಕಾಲೇಜಿನದು. ಅವಳ ಸೋದರಮಾವ ಹಗಲು ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಾರೆ, ರಜೆ ಬಂತೆಂದರೆ ತೆಂಕುತಿಟ್ಟು ಯಕ್ಷಗಾನದ ವೇಷ ಕಟ್ಟುತ್ತಾರೆ. ವಯಸ್ಸಾಯಿತು, ಕುತ್ತಿಗೆ ನೋವು. ಹಗುರವಾದ ಕಿರೀಟ ಮಾಡಿಕೊಡುತ್ತೇನೆ ಎಂದು ಇವಳು ಹೊರಟಳು. ಮೂಲ ಕಿರೀಟ ಮರದಲ್ಲಿ ಕೆತ್ತಿದ್ದು. ಮೇಲೆ ಬೇಗಡೆ, ಕನ್ನಡಿ ಚೂರು.

ಮೊದಲು ಮರದ ನಾರು ಒತ್ತಿ ಮಾಡಿದ, ಮೂರು ಮಿಲಿಮೀಟರ್ ಎಮ್‌ಡಿಎಫ್ ಹಲಗೆಯನ್ನು ಲೇಸರಿನಲ್ಲಿ ಕತ್ತರಿಸಿದಳು. ಗೆರೆಗಳು ಬಹಳ ಚೆಂದ ಬಂದವು. ತೂಕ ಮಾತ್ರ ಹಳೆಯದಕ್ಕಿಂತ ಜಾಸ್ತಿ! ಮುಂಬಯಿಯ ಮಳೆಗಾಲ ಬೇರೆ, ಅಂಚು ಬಿಸ್ಕತ್ತಿನ ಹಾಗೆ ಉಬ್ಬಿತು. ಎರಡನೆಯದು ತ್ರೀಡಿ ಪ್ರಿಂಟರಿನಲ್ಲಿ. ಪಿಎಲ್‌ಎ ಎಂಬ ಪ್ಲಾಸ್ಟಿಕ್ ದಾರವನ್ನು ಸುಮಾರು ಇನ್ನೂರು ಡಿಗ್ರಿಯಲ್ಲಿ ಕರಗಿಸಿ, ಪದರದ ಮೇಲೆ ಪದರ ಹಾಕುತ್ತಾ ಹೋಗುತ್ತದೆ ಅದು. ರಾತ್ರಿಯಿಡೀ ಓಡಲಿ ಎಂದು ಬಿಟ್ಟು ಹೋದೆವು. ನಡುವೆ ಎಲ್ಲೋ ತುಣುಕು ತಳ ಬಿಟ್ಟಿತು. ಬೆಳಿಗ್ಗೆ ನೋಡಿದರೆ ಕಿರೀಟವಿಲ್ಲ, ಒಂದು ಬುಟ್ಟಿ ಶಾವಿಗೆ. ಮತ್ತೆ ಮಾಡಿದಳು, ಸರಿಯಾಗಿ ಬಂತು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಅರ್ಧ ದಿನ ಇಟ್ಟದ್ದಕ್ಕೆ ಬಾಗಿಹೋಯಿತು. ಅರವತ್ತು ಡಿಗ್ರಿ ಮುಟ್ಟಿದರೆ ಪಿಎಲ್‌ಎ ಮೆತ್ತಗಾಗುತ್ತದೆ ಎಂದು ನಾನು ತರಗತಿಯಲ್ಲಿ ಹೇಳಿದ್ದೆ. ಯಾರು ಕೇಳುತ್ತಾರೆ?

ಮೂರನೆಯದಕ್ಕೆ ಫೋಮ್ ಹಾಳೆಯನ್ನು ಕೈಯಲ್ಲೇ ಕೊಯ್ದಳು. ಕನ್ನಡಿ ಚೂರಿನ ಬದಲು ಕನ್ನಡಿಯಂಥ ಅಕ್ರಿಲಿಕ್, ಅದು ಲೇಸರಿನಲ್ಲಿ. ಒಳಪಟ್ಟಿಗೆ ರೆಕ್ಸಿನ್ ಕತ್ತರಿಸಲು ಹೊರಟಾಗ ನಮ್ಮ ಟೆಕ್ನಿಶಿಯನ್ ಓಡಿ ಬಂದು ತಡೆದರು. ರೆಕ್ಸಿನ್‌ನಲ್ಲಿ ಸಾಮಾನ್ಯವಾಗಿ ಪಿವಿಸಿ ಎಂಬ ಪ್ಲಾಸ್ಟಿಕ್ ಇರುತ್ತದೆ. ಲೇಸರ್ ತಾಗಿದರೆ ಕ್ಲೋರಿನ್ ಇರುವ ವಿಷದ ಹೊಗೆ ಏಳುತ್ತದೆ. ನಮ್ಮ ಶ್ವಾಸಕೋಶಕ್ಕೂ ಕೆಟ್ಟದ್ದು, ಯಂತ್ರದ ಕಬ್ಬಿಣಕ್ಕೂ ಕೆಟ್ಟದ್ದು.

ಅಂತೂ ಹತ್ತಿಯಂಥ ಕಿರೀಟ ತಯಾರಾಯಿತು. ಮಾವ ಕಟ್ಟಿಕೊಂಡು ನಾಲ್ಕು ಗಿರಕಿ ಹೊಡೆದರು, ನಿಂತರು. "ಇದು ಬೇಡ ಮಗಾ" ಎಂದರು. "ತಲೆಗೆ ಭಾರ ಗೊತ್ತಾಗಬೇಕು. ಇಲ್ಲದಿದ್ದರೆ ಕುಣಿಯುವಾಗ ಕಿರೀಟ ಎಲ್ಲಿದೆ ಎಂದೇ ತಿಳಿಯುವುದಿಲ್ಲ."

ಇಪ್ಪತ್ತು ವರ್ಷ ಪಾಠ ಮಾಡಿದ ನನಗೂ ಇದು ಹೊಳೆದಿರಲಿಲ್ಲ. ಅವಳು ಸುಮ್ನೆ ಒಂದು ಚಿತ್ರ ಬರೆದು ಕೊಟ್ಟಿದ್ದರೆ ನಾನು ಒಳ್ಳೆಯ ಅಂಕ ಕೊಟ್ಟು ಕಳಿಸುತ್ತಿದ್ದೆ, ಅಲ್ವಾ? ಅಂಕದ್ದೇ ದೊಡ್ಡ ತಲೆನೋವು. ವಿಶ್ವವಿದ್ಯಾಲಯದ ಪರೀಕ್ಷೆ ಮುಗಿದ ವಸ್ತುವನ್ನು ನೋಡುತ್ತದೆ, ಶಾವಿಗೆಯ ಬುಟ್ಟಿಯನ್ನು ನೋಡುವುದಿಲ್ಲ. ಈಗ ನಾನು ಒಳಗಿನ ಅಂಕಗಳಲ್ಲಿ ಅರ್ಧವನ್ನು ಟಿಪ್ಪಣಿ ಪುಸ್ತಕಕ್ಕೆ ಇಟ್ಟಿದ್ದೇನೆ. ಕೆಟ್ಟ ತುಣುಕುಗಳನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಲು ಹೇಳುತ್ತೇನೆ. ಹೊರಗಿನಿಂದ ಬಂದ ಪರೀಕ್ಷಕರು ಒಮ್ಮೆ ಅದನ್ನು ಕಸ ಎಂದುಕೊಂಡು ಗುಡಿಸಲು ಹೇಳಿದ್ದೂ ಉಂಟು.

ಇನ್ನೊಂದು ಮಾತು, ಆ ಟೆಕ್ನಿಶಿಯನ್ ಬಗ್ಗೆ. 1919ರಲ್ಲಿ ಜರ್ಮನಿಯಲ್ಲಿ ಬೌಹೌಸ್ ಎಂಬ ಕಲಾ ಶಾಲೆ ತೆರೆದಾಗ ಕಾರ್ಯಾಗಾರಗಳಲ್ಲಿ ಇಬ್ಬಿಬ್ಬರು ಗುರುಗಳಿದ್ದರು. ಒಬ್ಬ ಕಲಾವಿದ, ಒಬ್ಬ ಕುಶಲಕರ್ಮಿ. ನಮ್ಮಲ್ಲಿ ಯಂತ್ರಕ್ಕೆ ಲಕ್ಷಗಟ್ಟಲೆ ಮಂಜೂರಾಗುತ್ತದೆ. ಅದನ್ನು ಬಲ್ಲ ಮನುಷ್ಯ ಮಾತ್ರ ಹನ್ನೊಂದು ತಿಂಗಳ ಕರಾರಿನ ಮೇಲೆ. ರೆಕ್ಸಿನ್ ತಡೆದವರು ಅವರು. ಮಾವನನ್ನು ಕಾಲೇಜಿಗೆ ಕರೆಸು ಎಂದದ್ದೂ ಅವರೇ, ನಾನಲ್ಲ.

ಈಗ ನಮ್ಮ ಬೀಗದ ಕೈ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತದೆ. ಕೆಳಗೆ ಒಂದು ರಿಜಿಸ್ಟರ್. ತರಬೇತಿ ಪಡೆದವರು ಇಬ್ಬರಾದರೂ ಇದ್ದರೆ ರಾತ್ರಿ ಒಂಬತ್ತರವರೆಗೆ ತೆಗೆಯಬಹುದು. ಎರಡು ಸ್ಕ್ರೂಡ್ರೈವರ್ ಕಳೆದಿವೆ, ಒಪ್ಪಿಕೊಳ್ಳುತ್ತೇನೆ.

ನಾಲ್ಕನೆಯ ಕಿರೀಟದ ಹಿಂಬದಿಗೆ ಈಗ ಮರದ ಪಟ್ಟಿ ಬಂದಿದೆ. ಎಷ್ಟು ಗ್ರಾಂ ಇರಬೇಕು ಎಂದು ಮಾವ, ಸೊಸೆ ಇಬ್ಬರೂ ಹೋಟೆಲಿನ ತಕ್ಕಡಿ ಮುಂದಿಟ್ಟುಕೊಂಡು ಜಗಳವಾಡುತ್ತಿದ್ದಾರೆ. ಭಾನುವಾರ ಮಾಟುಂಗಾದಲ್ಲಿ ಆಟವಿದೆ.

ನಮಸ್ಕಾರ.